ಕೆಳಗಿಳಿದ ಗೆರೆ

ನನ್ನ ತಮ್ಮನ ಮಗಳು ಸವಿತ ಮಳವಳ್ಳಿಯಲ್ಲಿ ರಸ್ತೆ ಕೆಲಸದ ಎಂಜಿನಿಯರ್ ಆಗಿ ಸೇರಿ ಎಂಟು ತಿಂಗಳಾಯಿತು. ಹೋದ ಭಾನುವಾರ ಮನೆಗೆ ಬಂದವಳು ಕಂಪ್ಯೂಟರ್ ತೆರೆದು, ‘ಬನ್ನಿ ದೊಡ್ಡಪ್ಪ, ನಮ್ಮ ಕೆಲಸ ಹೆಂಗೆ ನಡೀತದೆ ತೋರಿಸ್ತೀನಿ’ ಎಂದಳು. ಪರದೆಯ ಮೇಲೆ ಮೂರು ಗೆರೆ ಇದ್ದವು. ನೀಲಿ ಗೆರೆ, ಇವತ್ತಿಗೆ ಎಷ್ಟು ಕೆಲಸ ಆಗಿರಬೇಕಿತ್ತು ಎಂಬುದಕ್ಕೆ. ಹಸಿರು ಗೆರೆ, ನಿಜವಾಗಿ ಆದ ಕೆಲಸದ ಬೆಲೆಗೆ. ಕೆಂಪು ಗೆರೆ, ಖರ್ಚಾದ ದುಡ್ಡಿಗೆ. ಮೂರನ್ನೂ ಯಂತ್ರವೇ ಎಳೆಯುತ್ತದಂತೆ.

‘ಈ ಹಸಿರು ಗೆರೆಗೆ ಅಂಕಿ ಕೊಡೋರು ಯಾರವ್ವ?’ ಎಂದೆ.

‘ಸೈಟಿಂದ ಬರುತ್ತೆ ದೊಡ್ಡಪ್ಪ.’

‘ಸೈಟು ಅಂದ್ರೆ ಯಾರು? ಅವನ ಹೆಸರೇಳು.’

ಅವಳು ನಕ್ಕಳು. ನಾನು ನಗಲಿಲ್ಲ. ಎಪ್ಪತ್ತರ ದಶಕದಲ್ಲಿ ಆ ಸೈಟು ನಾನೇ ಆಗಿದ್ದೆ. ಹಸಿರು ಗೆರೆಗೆ ಅಂಕಿ ಕೊಟ್ಟವನು ನಾನೇ. ಆ ಅಂಕಿ ಸುಳ್ಳಾದಾಗ ಮಂಡ್ಯದಿಂದ ಬಂದ ಜೀಪಿನ ಮುಂದೆ ಕೈಕಟ್ಟಿ ನಿಂತವನೂ ನಾನೇ. ಅವಳಿಗೂ ಅವಳ ಜೊತೆ ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮಣ್ಣು ಕೆಲಸದ ಮೇಸ್ತ್ರಿ ದ್ಯಾವಯ್ಯನ ಕೈಕೆಳಗೆ ಮಂಕರಿ, ಅಂದರೆ ಮಣ್ಣಿನ ಬುಟ್ಟಿ, ಹೊತ್ತು ಕೂಲಿ ಮಾಡಿದೆ. ಕೂಡುವ ಕಳೆಯುವ ಲೆಕ್ಕ ನನಗೆ ಚೆನ್ನಾಗಿ ಬರುತ್ತಿತ್ತು. ಅದನ್ನು ಕಂಡ ಓವರ್‌ಸೀಯರ್ ರುದ್ರಪ್ಪನವರು ನನ್ನ ಮಂಕರಿ ಇಳಿಸಿ ಅಳತೆ ಟೇಪು ಹಿಡಿಯಲು ಕರೆದರು. ಟೇಪಿನ ತುದಿ ಹಿಡಿದವನು ಮೂರು ವರ್ಷದಲ್ಲಿ ಅಂಕಿ ಓದುವ ಡಬ್ಬಿ ಹಿಡಿದೆ, ಆಮೇಲೆ ವರ್ಕ್ ಇನ್‌ಸ್ಪೆಕ್ಟರ್ ಎನ್ನಿಸಿಕೊಂಡೆ. ಹೆಸರು ದೊಡ್ಡದು, ಕೂಲಿ ಮಾತ್ರ ದಿನಗೂಲಿ. ನಾಳೆ ಬರಬೇಡ ಎಂದರೆ ಅಲ್ಲಿಗೆ ಮುಗಿಯಿತು. ಆದರೂ ನನ್ನ ಅಳತೆಯನ್ನು ಯಾರೂ ಎರಡನೇ ಸಲ ಅಳೆಯಬೇಕಾಗಿಲ್ಲ ಎಂಬ ಹೆಮ್ಮೆ ನನಗಿತ್ತು. ಎಂಜಿನಿಯರಿಂಗ್ ಓದಿದವರು ಕೂಡ ‘ಪುಟ್ಟಸ್ವಾಮಿ ಅಳೆದಿದ್ದಾನಾ? ಹಾಗಾದರೆ ಸರಿ’ ಎಂದು ಸಹಿ ಹಾಕುತ್ತಿದ್ದರು. ಆ ಮಾತು ಕೇಳಿದ ದಿನ ಊಟ ಕೂಡ ರುಚಿಯಾಗುತ್ತಿತ್ತು.

ಆಗ ಪ್ರಗತಿ ವರದಿ ಬರೆಯುವ ಪದ್ಧತಿ ಹೇಗಿತ್ತೆಂದರೆ, ಮಂಜೂರಾದ ಹಣದಲ್ಲಿ ನೂರಕ್ಕೆ ಎಷ್ಟು ಖರ್ಚಾಗಿದೆಯೋ ಕೆಲಸವೂ ನೂರಕ್ಕೆ ಅಷ್ಟೇ ಆಗಿದೆ ಎಂದು ಬರೆಯುವುದು. ಕೊಪ್ಪದ ಹತ್ತಿರ ಒಂದು ಮೋರಿ ಕಟ್ಟುತ್ತಿದ್ದೆವು. ಸಿಮೆಂಟು, ಕಬ್ಬಿಣ ಎಲ್ಲ ಮೊದಲೇ ಬಂದು ಶೆಡ್ಡಿನಲ್ಲಿ ಬಿದ್ದಿತ್ತು. ರುದ್ರಪ್ಪನವರು ‘ಎಪ್ಪತ್ತು ಭಾಗ ಆಗಿದೆ’ ಎಂದು ಬರೆಸಿದರು.

‘ಅಣ್ಣಾ, ಪಾಯವೇ ಎದ್ದಿಲ್ಲವಲ್ಲ?’ ಎಂದೆ.

‘ದುಡ್ಡು ಎಪ್ಪತ್ತು ಭಾಗ ಹೋಗಿಲ್ವೇನೋ? ದುಡ್ಡು ಹೋದಮೇಲೆ ಕೆಲಸ ಎಲ್ಲಿಗೆ ಹೋಗ್ತದೆ, ಬತ್ತದೆ ಸುಮ್ಕಿರು.’

ಆ ವರದಿ ನಂಬಿಕೊಂಡು ಮೇಲಿನವರೊಬ್ಬರು ಮೋರಿ ನೋಡಲು ಕಾರಿನಲ್ಲಿ ಬಂದೇ ಬಿಟ್ಟರು. ರಸ್ತೆಗೆ ಅಡ್ಡಲಾಗಿ ಅಗೆದ ಗುಂಡಿಯ ಮುಂದೆ ಕಾರು ನಿಂತಿತು. ‘ಮೋರಿ ಎಲ್ಲಿ?’ ಎಂದು ಕೇಳಿದರು. ರುದ್ರಪ್ಪನವರು ಶೆಡ್ಡಿನಲ್ಲಿದ್ದ ಸಿಮೆಂಟ್ ಮೂಟೆ ತೋರಿಸಿ, ‘ಅಲ್ಲಿದೆ ಸಾರ್’ ಎಂದರು. ಈ ಕಥೆ ಹೇಳಿಕೊಂಡು ನಾವು ವರ್ಷಗಟ್ಟಲೆ ನಕ್ಕಿದ್ದೇವೆ. ಆದರೆ ಪದ್ಧತಿಯನ್ನು ಬದಲಾಯಿಸಲಿಲ್ಲ.

ಬದಲಾಯಿಸಿದ್ದು ಹೊಸದಾಗಿ ಬಂದ ಸಹಾಯಕ ಎಂಜಿನಿಯರ್ ಶ್ರೀಧರ ಅವರು. ವಯಸ್ಸು ನನಗಿಂತ ಎರಡು ಮೂರು ವರ್ಷ ಚಿಕ್ಕದು. ಆಗ ಮದ್ದೂರು ಕಡೆಯಿಂದ ಮಳವಳ್ಳಿ ತಾಲ್ಲೂಕಿನ ಕೊನೆಯ ಹಳ್ಳಿಗಳಿಗೆ ನೀರು ಒಯ್ಯುವ ಒಂದು ಉಪನಾಲೆಯ ಕೆಲಸ ನಡೆದಿತ್ತು. ತಗ್ಗು ಇದ್ದ ಕಡೆ ಮಣ್ಣು ತುಂಬಿ ಎತ್ತರದ ಏರಿ ಹಾಕಿ, ಏರಿಯ ಎರಡು ದಂಡೆಗಳ ನಡುವೆ ನಾಲೆ ಹಾಯಿಸಬೇಕು. ಹಲಗೂರು ರಸ್ತೆಯ ಬದಿಯಲ್ಲಿ ತಗಡಿನ ಶೆಡ್ಡು ನಮ್ಮ ಆಫೀಸು. ಶ್ರೀಧರ ಅವರು ಬಂದ ಮೊದಲ ವಾರವೇ ಒಂದು ದೊಡ್ಡ ಗ್ರಾಫ್ ಹಾಳೆಯನ್ನು ಶೆಡ್ಡಿನ ಗೋಡೆಗೆ ಬಡಿದರು. ಮೂರು ಬಣ್ಣದ ಪೆನ್ಸಿಲ್ಲು ತೆಗೆದರು.

‘ನೋಡಿ ಪುಟ್ಟಸ್ವಾಮಿ, ಈ ಗೆರೆ ನಮ್ಮ ಯೋಜನೆ, ಇದು ಖರ್ಚು. ಇವೆರಡನ್ನೂ ನಾನು ಕೂತಲ್ಲೇ ಎಳೀಬಹುದು. ನಡುವಿನ ಗೆರೆ ಮಾತ್ರ ನೀವು ಕೊಟ್ಟ ಅಳತೆಯಿಂದ ಬರಬೇಕು. ಆಗಿರೋ ಕೆಲಸ ಎಷ್ಟು, ಮಂಜೂರಾದ ಅಂದಾಜುಪಟ್ಟಿಯ ದರದಲ್ಲಿ ಅದರ ಬೆಲೆ ಎಷ್ಟು ಅಂತ. ಪ್ರತಿ ಶನಿವಾರ.’

‘ಹದಿನೈದು ದಿನಕ್ಕೊಂದು ಸಲ ಅಳೆಯೋದು ಸಾರ್ ಪದ್ಧತಿ.’

‘ಹದಿನೈದು ದಿನಕ್ಕೆ ಬಿಲ್ಲು. ವಾರಕ್ಕೆ ಗೆರೆ. ಕೆಲಸ ಹಿಂದೆ ಬಿದ್ದಿದೆ ಅಂತ ಹದಿನೈದು ದಿನ ಆದಮೇಲೆ ಗೊತ್ತಾದರೆ ಏನು ಪ್ರಯೋಜನ?’

ನನಗೆ ಕೋಪ ಬಂತು. ಓದಿ ಬಂದವನು ನನ್ನ ಟೇಪಿಗೆ ಹೆಚ್ಚುವರಿ ಕೆಲಸ ಹಚ್ಚುತ್ತಿದ್ದಾನೆ ಎಂದುಕೊಂಡೆ. ಆದರೆ ಎರಡೇ ವಾರದಲ್ಲಿ ಆ ಹಾಳೆಯ ಹುಚ್ಚು ನನಗೇ ಹಿಡಿಯಿತು. ಶನಿವಾರ ಬಂದರೆ ನಾನೇ ಮೊದಲು ಹೋಗಿ ಹಾಳೆಯ ಮುಂದೆ ನಿಲ್ಲುತ್ತಿದ್ದೆ. ನಾನು ಅಳೆದದ್ದು ಗೋಡೆಯ ಮೇಲೆ ಗೆರೆಯಾಗಿ ಏರುವುದನ್ನು ನೋಡುವುದೇ ಒಂದು ಖುಷಿ.

ಮಣ್ಣಿನ ಅಳತೆ ಹೇಗೆ ಎಂದು ಇಲ್ಲಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಏರಿಗೆ ಬೇಕಾದ ಮಣ್ಣನ್ನು ಪಕ್ಕದ ಜಾಗದಲ್ಲಿ ಗುಂಡಿ ತೋಡಿ ತೆಗೆಯುತ್ತಿದ್ದರು. ಗುಂಡಿ ಎಷ್ಟು ಆಳ ಹೋಯಿತು ಎಂದು ತಿಳಿಯಬೇಕಾದರೆ ಮೊದಲಿದ್ದ ನೆಲ ಎಲ್ಲಿತ್ತು ಎಂಬುದು ಗೊತ್ತಿರಬೇಕು. ಅದಕ್ಕಾಗಿ ಗುಂಡಿಯ ನಡುನಡುವೆ ಒಂದೊಂದು ಮಣ್ಣಿನ ಗುಡ್ಡೆಯನ್ನು ಅಗೆಯದೆ ಹಾಗೇ ಬಿಡುತ್ತಿದ್ದರು. ಅದರ ನೆತ್ತಿಯ ಮೇಲೆ ಹಳೆಯ ನೆಲದ ಹುಲ್ಲು ಇರಬೇಕು. ನೆತ್ತಿಯಿಂದ ಗುಂಡಿಯ ತಳಕ್ಕೆ ಟೇಪು ಬಿಟ್ಟರೆ ಬಂದದ್ದೇ ಆಳ. ನಾವು ಅದನ್ನು ಸಾಕ್ಷಿಗುಡ್ಡೆ ಎನ್ನುತ್ತಿದ್ದೆವು. ಆಳವನ್ನು ಅಳತೆ ಪುಸ್ತಕದಲ್ಲಿ ಬರೆದು, ಎಷ್ಟು ಮಣ್ಣೋ ಅಷ್ಟಕ್ಕೆ ಕೂಲಿಯ ತಂಡಕ್ಕೆ ಬಿಲ್ಲು. ಅಳತೆ ಪುಸ್ತಕದಲ್ಲಿ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಾದರೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಬೇಕು.

ತಗ್ಗಿನ ಏರಿಗೆ ಮಣ್ಣು ತೆಗೆಯುವ ಕೆಲಸ ಹಿಡಿದವನು ದ್ಯಾವಯ್ಯ. ಹೌದು, ನಾನು ಮಂಕರಿ ಹೊತ್ತಿದ್ದ ಅದೇ ದ್ಯಾವಯ್ಯ. ಅವನ ಹೆಂಡತಿ ಕೆಂಪಮ್ಮ ಹೆಣ್ಣಾಳುಗಳ ಸಾಲಿಗೆ ಮುಂದಾಳು. ಮಣ್ಣಿಗೆ ಎರಡು ದರ: ಮೆತ್ತನೆಯ ಮಣ್ಣಿಗೆ ಕಡಿಮೆ, ಪಿಕಾಸಿಯಿಂದ ಒಡೆಯಬೇಕಾದ ಗಟ್ಟಿ ಗರಸಿಗೆ ಹೆಚ್ಚು. ಯಾವುದು ಎಂದು ಮೊದಲೇ ಗೊತ್ತುಮಾಡಬೇಕು. ನಾನು ಅದಕ್ಕೆ ಹೋದದ್ದು ಎರಡು ದಿನ ಮಳೆ ಹೊಯ್ದ ಮಾರನೆಯ ಬೆಳಿಗ್ಗೆ. ಹಾರೆ ಇಟ್ಟೆ, ಬೆಣ್ಣೆಯಲ್ಲಿ ಇಳಿದಂತೆ ಒಂದು ಗೇಣು ಇಳಿಯಿತು. ‘ಮೆತ್ತನೆ’ ಎಂದು ಬರೆದುಕೊಂಡೆ.

ದ್ಯಾವಯ್ಯ ಪಕ್ಕದಲ್ಲೇ ಇದ್ದ. ‘ಒಂದೀಟು ಆಳಕ್ಕೆ ನೋಡು ಪುಟ್ಸಾಮಿ. ವಳಗೆ ಗರಸದೆ. ಈ ಒಲದಲ್ಲಿ ನೇಗಿಲೇ ಇಳೀದು, ಕೇಳು ಯಾರನ್ನಾದ್ರೂವೆ.’

ಪುಟ್ಸಾಮಿ! ಜೊತೆಗಿದ್ದ ಇಬ್ಬರು ಕೂಲಿಗಳ ಮುಂದೆ ಅವನು ನನ್ನನ್ನು ಹಳೆಯ ಮಂಕರಿ ಹುಡುಗನ ಹಾಗೆ ಕರೆದದ್ದು ನನಗೆ ನಾಟಿತು. ಆ ಗೇಣನ್ನು ಮೊಳ ಮಾಡಲು ಐದು ನಿಮಿಷ ಸಾಕಿತ್ತು. ನಾನು ಪುಸ್ತಕ ಮುಚ್ಚಿದೆ.

‘ಬರೆದದ್ದು ಬರೆದಾಯ್ತು. ಬೇಕಿದ್ರೆ ಕೆಲಸ ಮಾಡು, ಬ್ಯಾಡ್ದಿದ್ರೆ ಬುಡು.’

ಅವನು ಹೆಗಲ ಮೇಲಿದ್ದ ಟವೆಲ್ಲನ್ನು ಕೈಗೆ ತೆಗೆದುಕೊಂಡ. ‘ಆಯ್ತು ಬುಡಿ ಸ್ವಾಮಿ’ ಎಂದ. ಅವನು ನನ್ನನ್ನು ಸ್ವಾಮಿ ಎಂದದ್ದು ಅದೇ ಮೊದಲು. ನನಗೆ ಗೆದ್ದಂತಾಯಿತು. ಅಲ್ಲಿಂದಲೇ ಸೋಲು ಶುರುವಾದದ್ದು ಎಂದು ತಿಳಿಯಲು ಒಂದೂವರೆ ತಿಂಗಳು ಹಿಡಿಯಿತು.

ಆ ಒಂದೂವರೆ ತಿಂಗಳು ಗೋಡೆಯ ಮೇಲೆ ಮೂರು ಗೆರೆಯೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ ಸಮವಾಗಿ ಏರಿದವು. ಆಗಬೇಕಾದಷ್ಟು ಕೆಲಸ, ಆದ ಕೆಲಸ, ಆದ ಖರ್ಚು, ಮೂರೂ ಒಂದೇ. ಮಂಡ್ಯದ ಡಿವಿಜನ್ ಆಫೀಸಿನ ಎಕ್ಸಿಕ್ಯುಟಿವ್ ಎಂಜಿನಿಯರ್ ಒಮ್ಮೆ ಬಂದು ಹಾಳೆ ನೋಡಿ, ‘ಇಂಥ ಹಾಳೆ ಎಲ್ಲ ಸೆಕ್ಷನ್ನಿನಲ್ಲೂ ಇರಬೇಕು’ ಎಂದು ಹೇಳಿಹೋದರು. ಅವರನ್ನು ನಾವೆಲ್ಲ ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಅದೇ ವಾರ ರುದ್ರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳಿದರು: ದಿನಗೂಲಿಯವರಲ್ಲಿ ಕೆಲವರನ್ನು ಖಾಯಂ ಮಾಡುವ ಪಟ್ಟಿ ತಯಾರಾಗುತ್ತಿದೆ, ನನ್ನ ಹೆಸರು ಎರಡನೆಯದು, ತಿಂಗಳ ಕೊನೆಗೆ ದೊಡ್ಡ ಸಾಹೇಬರ ಸಹಿ. ಆರು ವರ್ಷ ದಿನಗೂಲಿ ಮಾಡಿದವನಿಗೆ ಆ ಮಾತು ಏನು ಎಂದು ದಿನಗೂಲಿ ಮಾಡಿದವರಿಗೇ ಗೊತ್ತು. ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳಿದೆ. ಅವಳು ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾಲೆಗೆ ನೀರು ಬಿಡುವ ದಿನಕ್ಕೆ ಇನ್ನು ಮೂರೂವರೆ ವಾರ ಇತ್ತು. ಆ ಶುಕ್ರವಾರ ಶ್ರೀಧರ ಅವರು ತಗ್ಗಿನ ಏರಿಯ ಮೇಲೆ ಲೆವೆಲ್ ಯಂತ್ರ ಇಟ್ಟು ಎತ್ತರ ನೋಡಿದರು. ಸಂಜೆ ನನ್ನನ್ನು ಕರೆದು ಎರಡು ಅಂಕಿ ಬರೆದ ಚೀಟಿ ತೋರಿಸಿದರು.

‘ಗುಂಡಿಯಿಂದ ಹೋಗಿದೆ ಅಂತ ನೀವು ಬರೆದಿರೋ ಮಣ್ಣು ಇಷ್ಟು. ಏರಿ ಮೇಲೆ ಇರೋದು ಇಷ್ಟು. ಮಣ್ಣು ಅದುಮಿ ಕೂರುತ್ತೆ ಅಂತ ಹತ್ತಕ್ಕೊಂದು ಭಾಗ ಬಿಟ್ಟರೂ ಐದರಲ್ಲಿ ಒಂದು ಪಾಲು ಇಲ್ಲ. ಆ ಮಣ್ಣು ಎಲ್ಲಿ ಪುಟ್ಟಸ್ವಾಮಿ?’

‘ಲೆವೆಲ್ ಯಂತ್ರ ಸರಿ ಇದೆಯಾ ಸಾರ್?’

‘ಎರಡು ಸಲ ನೋಡಿದೆ.’

ಅವರ ದನಿಯಲ್ಲಿ ಅನುಮಾನ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದರು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಬಯ್ದಿದ್ದರೆ ತಿರುಗಿ ವಾದಿಸಬಹುದಿತ್ತು.

ಶನಿವಾರ ಬೆಳಗಾಗುತ್ತಲೇ ಒಬ್ಬನೇ ಗುಂಡಿಗೆ ಇಳಿದೆ. ಹನ್ನೆರಡು ಸಾಕ್ಷಿಗುಡ್ಡೆ. ಮೊದಲನೆಯದು ಸರಿಯಾಗಿತ್ತು, ಎರಡನೆಯದೂ ಸರಿಯಾಗಿತ್ತು. ಮೂರನೆಯದರ ನೆತ್ತಿಯ ಮೇಲೆ ಹಸಿರು ಗರಿಕೆ ಇತ್ತು. ನಾನು ಅಲ್ಲೇ ನಿಂತೆ. ಆ ಹೊಲದ ಹುಲ್ಲು ಒಣಕಲು ಕಡ್ಡಿ. ಗರಿಕೆ ಬೆಳೆಯುವುದು ನೀರಿನ ಪಸೆ ಇರುವ ಕಡೆ, ಇಲ್ಲಿಂದ ಎರಡು ಫರ್ಲಾಂಗು ದೂರದ ಹಳ್ಳದ ದಂಡೆಯಲ್ಲಿ. ಬೆರಳು ಹಾಕಿ ಕಿತ್ತೆ. ಗರಿಕೆಯ ಹೆಂಟೆ ಟೋಪಿಯ ಹಾಗೆ ಎದ್ದು ಬಂತು. ಕೆಳಗೆ ಸಡಿಲ ಮಣ್ಣು. ಹನ್ನೆರಡರಲ್ಲಿ ಒಂಬತ್ತಕ್ಕೆ ಇಂಥ ಟೋಪಿ ಇತ್ತು. ಗುಡ್ಡೆ ಒಂದಡಿ ಎತ್ತರವಾದರೆ ನನ್ನ ಟೇಪಿನಲ್ಲಿ ಗುಂಡಿ ಒಂದಡಿ ಆಳವಾಗುತ್ತದೆ. ತೆಗೆಯದ ಮಣ್ಣಿಗೆ ನಾನು ಆರು ವಾರದಿಂದ ಅಳತೆ ಬರೆಯುತ್ತಿದ್ದೆ. ನಡುವಿನ ಗೆರೆ ಆ ಮಣ್ಣಿನ ಮೇಲೆ ಏರಿತ್ತು.

ಅಷ್ಟರಲ್ಲಿ ತಂಡ ಕೆಲಸಕ್ಕೆ ಬಂತು. ನನ್ನ ಕೈಯಲ್ಲಿದ್ದ ಹೆಂಟೆ ನೋಡಿ ದ್ಯಾವಯ್ಯ ನಿಂತ. ಕೆಂಪಮ್ಮ ನಿಲ್ಲಲಿಲ್ಲ, ನೇರ ಬಂದಳು.

‘ಕಿತ್ಬುಟ್ಯಾ? ನೀರಾಕಿ ಸಾಕಿದ್ದೆ ಕಣಪ್ಪ ಅದನ್ನ. ಆರು ವಾರ ಬೇಕಾಯ್ತು ನಿನ್ನ ಟೇಪಿಗೆ ಕಣ್ಣು ಬರಾಕೆ.’

‘ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ ನೀವು’ ಎಂದೆ. ‘ದ್ಯಾವಯ್ಯ, ನಿನ್ನ ಕೈಯಲ್ಲಿ ಕೆಲಸ ಕಲಿತವನು ನಾನು. ನನಗೇ ಹಿಂಗೆ ಮಾಡೋದಾ?’

‘ಮೊದ್ಲು ವಡದೋನು ಯಾರ‍್ಲಾ?’ ದ್ಯಾವಯ್ಯನ ದನಿ ಏರಿತು. ಸ್ವಾಮಿ ಹೋಗಿ ಮತ್ತೆ ಏಕವಚನ ಬಂದಿತ್ತು. ‘ಗರಸು ಕಣ್ಲಾ ಅಂದೆ. ಆಳಕ್ಕೆ ನೋಡ್ಲಾ ಅಂದೆ. ಗೇಣು ಮಣ್ಣು ನೋಡ್ಬುಟ್ಟು ಪುಸ್ತಕ ಮುಚ್ದೆ. ಒಂದು ದಿನಕ್ಕೆ ಬರೋ ಮಣ್ಣು ತೆಗಿಯಾಕೆ ಎರಡು ದಿನ ಆಯ್ತದೆ. ಇವರ ಕೈ ನೋಡು!’ ಎಂದು ಪಕ್ಕದವನ ಕೈ ಹಿಡಿದು ನನ್ನ ಮುಖದ ಮುಂದೆ ಬಿಡಿಸಿದ. ಬೊಬ್ಬೆ ಒಡೆದು ಬಟ್ಟೆ ಸುತ್ತಿದ್ದ ಕೈ. ‘ಇಪ್ಪತ್ತೆರಡು ಜನ. ನಿನ್ನ ಮೆತ್ತನೆ ಮಣ್ಣಿನ ಕೂಲಿಗೆ ಒಪ್ಪೊತ್ತಿನ ಹಿಟ್ಟೂ ಹುಟ್ಟಾಕಿಲ್ಲ. ನೀನು ಪುಸ್ತಕದಾಗೆ ಸುಳ್ಳು ಬರದೆ. ನಾವು ಗುಡ್ಡೆ ಮ್ಯಾಲೆ ಸುಳ್ಳು ಇಟ್ವಿ. ಓಗು, ಯಾರಿಗೆ ಏಳ್ಕತೀಯೋ ಏಳ್ಕೋ.’

ಅವನು ಮಾಡಿದ್ದು ಸರಿ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ನಾನು ಕಾಲ ಕೆಳಗೆ ನೋಡಿದೆ. ಗುಂಡಿಯ ತಳದಲ್ಲಿ ಪಿಕಾಸಿಯ ಬಿಳಿ ಗೀರುಗಳು ತುಂಬಿದ್ದವು. ಮೆತ್ತನೆಯ ಮಣ್ಣಿನಲ್ಲಿ ಪಿಕಾಸಿಯ ಗೀರು ನಿಲ್ಲುವುದಿಲ್ಲ. ಆರು ವಾರ ಇದೇ ತಳದ ಮೇಲೆ ನಿಂತು ನಾನು ಟೇಪು ಓದಿದ್ದೆ. ಕಣ್ಣು ಟೇಪಿನ ಅಂಕಿಯ ಮೇಲಿತ್ತು, ನೆಲದ ಮೇಲೆ ಇರಲಿಲ್ಲ.

ಮೊದಲು ರುದ್ರಪ್ಪನವರ ಹತ್ತಿರ ಹೋದೆ. ಪೂರ್ತಿ ಕೇಳಿ, ಅಡಿಕೆ ಬಾಯಿಗೆ ಹಾಕಿಕೊಂಡು ಅವರು ಹೇಳಿದ್ದು ಇಷ್ಟೆ: ‘ಮಣ್ಣು ಮಳೆಗೆ ಕುಸೀತು ಅಂತ ಒಂದು ಸಾಲು ಬರಿ. ನಾನು ಸಹಿ ಮಾಡ್ತೀನಿ. ಆ ಗರಿಕೆ ಕಿತ್ತು ಬಿಸಾಕು. ಪಟ್ಟಿ ಸಹಿ ಆಗೋಕೆ ಇನ್ನು ಒಂಬತ್ತು ದಿನ ಅದೆ ಕಣೋ.’

‘ಏರಿ ಎತ್ತರ ಕಮ್ಮಿ ಇದೆಯಲ್ಲ ಅಣ್ಣಾ. ನೀರು ಬಿಟ್ಟರೆ?’

‘ಮೊದಲನೇ ವರ್ಷ ಯಾರು ಪೂರ್ತಿ ನೀರು ಬಿಡ್ತಾರೆ? ಮುಂದಿನ ವರ್ಷ ರಿಪೇರಿ ಅಂತ ಹಾಕಿದ್ರಾಯ್ತು. ಅಷ್ಟೊತ್ತಿಗೆ ನೀನು ಖಾಯಂ.’

ಅವರು ಕೆಟ್ಟವರಲ್ಲ. ನನ್ನ ತಲೆಯ ಮೇಲಿನ ಮಂಕರಿ ಇಳಿಸಿದವರೇ ಅವರು. ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಆ ಸಾಲು ಬರೆಯಲು ಪುಸ್ತಕ ತೆರೆದೆನೆಂದು ಒಪ್ಪಿಕೊಳ್ಳುತ್ತೇನೆ. ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ. ಆ ಪುಟದ ಮೇಲುಗಡೆ ಹಿಂದಿನ ವಾರದ ಅಳತೆ ಇತ್ತು, ಅದರ ಕೆಳಗೆ ನನ್ನ ಸಹಿ, ಅದರ ಪಕ್ಕ ಶ್ರೀಧರ ಅವರ ಸಹಿ. ಅವರು ಗುಂಡಿಗೆ ಇಳಿದು ಪರೀಕ್ಷೆ ಮಾಡಿದ್ದು ಮೊದಲ ಎರಡು ಗುಡ್ಡೆ ಮಾತ್ರ. ಮಿಕ್ಕದ್ದಕ್ಕೆ ‘ಪುಟ್ಟಸ್ವಾಮಿ ಅಳೆದಿದ್ದಾರಾ? ಸರಿ’ ಎಂದು ಸಹಿ ಹಾಕಿದ್ದರು. ನನಗೆ ಹೆಮ್ಮೆ ತರುತ್ತಿದ್ದ ಆ ಮಾತಿನ ಮೇಲೇ ಅವರ ಸಹಿ ನಿಂತಿತ್ತು. ಮುಚ್ಚಳ ಹಾಕಿ ಶ್ರೀಧರ ಅವರ ಹತ್ತಿರ ಹೋದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಟೇಪು, ಪುಸ್ತಕ ಎತ್ತಿಕೊಂಡು ‘ಬನ್ನಿ’ ಎಂದರು. ಇಬ್ಬರೂ ಮಧ್ಯಾಹ್ನದ ಬಿಸಿಲಿನಲ್ಲಿ ಹನ್ನೆರಡು ಗುಡ್ಡೆಯನ್ನೂ ಮತ್ತೆ ಅಳೆದೆವು. ಟೋಪಿ ತೆಗೆದು ನಿಜವಾದ ನೆಲದಿಂದ ಅಳೆದೆವು. ಒಂಬತ್ತನೆಯ ಗುಡ್ಡೆಯ ಟೋಪಿಯನ್ನು ಮಾತ್ರ ಕೀಳಬೇಡಿ ಎಂದರು. ಸಾಹೇಬರಿಗೆ ತೋರಿಸಲು ಒಂದು ಇರಲಿ ಎಂದು ಅದಕ್ಕೆ ಪಕ್ಕದಿಂದ ಕಡ್ಡಿ ಚುಚ್ಚಿ ಆಳ ನೋಡಿಕೊಂಡೆವು. ಅಳತೆ ಪುಸ್ತಕದಲ್ಲಿ ಹಳೆಯ ಅಂಕಿಗಳಿಗೆ ನಾನೇ ಅಡ್ಡಗೆರೆ ಹೊಡೆದು ಸಹಿ ಹಾಕಿದೆ. ಪ್ರತಿ ಅಡ್ಡಗೆರೆಗೂ ನನ್ನ ಪೂರ್ತಿ ಹೆಸರು ಬರೆಯಬೇಕಾಗಿತ್ತು.

ಶೆಡ್ಡಿಗೆ ಬಂದು ಶ್ರೀಧರ ಅವರು ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟರು. ‘ಗೆರೆ ನೀವೇ ಎಳೀರಿ.’

ಹೋದ ಶನಿವಾರದ ಚುಕ್ಕೆಯಿಂದ ಈ ಶನಿವಾರದ ಚುಕ್ಕೆಗೆ. ಅಲ್ಲಿವರೆಗೆ ಏರುತ್ತಲೇ ಬಂದ ಗೆರೆ ಬೆಟ್ಟದಿಂದ ಜಾರಿದ ಹಾಗೆ ಕೆಳಗೆ ಬಂತು. ಖರ್ಚಿನ ಗೆರೆ ತನ್ನ ಪಾಡಿಗೆ ಮೇಲೇ ನಿಂತಿತ್ತು. ಎರಡರ ನಡುವೆ ನನ್ನ ಅಂಗೈ ಹಿಡಿಸುವಷ್ಟು ಬಿಳಿ ಜಾಗ ಬಾಯಿ ಬಿಟ್ಟಿತು.

ಸೋಮವಾರ ದೊಡ್ಡ ಸಾಹೇಬರ ಜೀಪು ಬಂತು. ನೀರು ಬಿಡುವ ಮುಂಚಿನ ತಪಾಸಣೆ. ಶೆಡ್ಡಿಗೆ ಬಂದವರೇ ಗೋಡೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

‘ಏನ್ರೀ ಶ್ರೀಧರ್ ಇದು? ಖರ್ಚಿನ ಗೆರೆ ಮೇಲೆ ಹೋಗೋದು ನೋಡಿದ್ದೀನಿ. ಕೆಲಸದ ಗೆರೆ ಕೆಳಗೆ ಬರೋದು ನನ್ನ ಸರ್ವಿಸಿನಲ್ಲೇ ನೋಡಿಲ್ಲ. ಆದ ಕೆಲಸ ಹಿಂದಕ್ಕೆ ಹೋಗುತ್ತೇನ್ರೀ?’

ಶ್ರೀಧರ ಅವರು ಬಾಯಿ ತೆರೆಯುವ ಮೊದಲು ನಾನು ಮುಂದೆ ಬಂದೆ. ಕೈಕಟ್ಟಿ ನಿಂತೆ.

‘ಕೆಲಸ ಹಿಂದಕ್ಕೆ ಹೋಗಿಲ್ಲ ಸಾರ್. ಅದು ಇದ್ದಲ್ಲೇ ಇದೆ. ನನ್ನ ಟೇಪು ಮುಂದಕ್ಕೆ ಹೋಗಿತ್ತು.’

‘ನೀನು ಯಾರು?’

‘ಅಳತೆ ಬರೆದವನು ಸಾರ್. ಪುಟ್ಟಸ್ವಾಮಿ.’

ಆ ಹೆಸರು ಅವರಿಗೆ ನೆನಪಾಯಿತೆಂದು ಅವರ ಹುಬ್ಬಿನಿಂದಲೇ ತಿಳಿಯಿತು. ಪಟ್ಟಿಯಲ್ಲಿ ಎರಡನೆಯದು. ‘ನಡಿ, ತೋರಿಸು’ ಎಂದರು.

ಒಂಬತ್ತನೆಯ ಗುಡ್ಡೆಯ ಮುಂದೆ ನಿಂತೆವು. ತಂಡ ದೂರದಲ್ಲಿ ಗುಂಪುಗೂಡಿ ನೋಡುತ್ತಿತ್ತು. ಸಾಹೇಬರು ಪಿಕಾಸಿ ತರಿಸಿ, ಯಾರಿಗೂ ಕೊಡದೆ ನನ್ನ ಕಡೆ ಚಾಚಿದರು. ‘ಕಡಿ. ಅರ್ಧಕ್ಕೆ ಸೀಳು.’

ಮಂಕರಿ ಬಿಟ್ಟ ಮೇಲೆ ನಾನು ಪಿಕಾಸಿ ಹಿಡಿದಿರಲಿಲ್ಲ. ಬಿಳಿ ಶರ್ಟು ಹಾಕಿದ್ದೆ. ಇಪ್ಪತ್ತೆರಡು ಜನರ ಮುಂದೆ ಅಂಗೈಗೆ ಉಗುಳಿಕೊಂಡು ಎತ್ತಿದೆ. ಮೊದಲ ಏಟಿಗೆ ಗರಿಕೆ, ಸಡಿಲ ಮಣ್ಣು ಹಾಗೇ ಕುಸಿದು ಬಿತ್ತು. ಅದರ ಕೆಳಗೆ ಕಪ್ಪನೆಯ ತೆಳು ಗೀಟು ಕಂಡಿತು. ಮಣ್ಣಿನೊಳಗೆ ಹೂತು ಸತ್ತ ಹಳೆಯ ಹುಲ್ಲು. ಅದೇ ನಿಜವಾದ ನೆಲ. ಸಾಹೇಬರು ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿ, ತಂಡದ ಕಡೆ ತಿರುಗಿದರು. ಯಾರೂ ತಲೆ ಎತ್ತಲಿಲ್ಲ.

‘ನಿಲ್ಲಿಸಬೇಡ, ಕಡಿ.’

ಇನ್ನೊಂದು ಗೇಣು ಮೆತ್ತಗೆ ಇಳಿಯಿತು. ಆಮೇಲೆ ಪಿಕಾಸಿ ಠಣ್ ಎಂದಿತು. ತೋಳಿನಿಂದ ಹೆಗಲವರೆಗೆ ಜುಮ್ಮೆಂದಿತು. ಮತ್ತೆ ಹೊಡೆದೆ. ಎರಡು ಬೊಗಸೆ ಗರಸು ಎದ್ದಿತು, ಅಷ್ಟೆ. ಹತ್ತು ಏಟು ಹೊಡೆಯುವಷ್ಟರಲ್ಲಿ ನನಗೆ ಏದುಸಿರು ಬಂತು. ಅಂಗೈ ಸುಲಿಯಿತು. ಸಾಹೇಬರು ಒಂದು ಉಂಡೆ ಗರಸು ತೆಗೆದು ಒಡೆಯಲು ನೋಡಿದರು, ಆಗಲಿಲ್ಲ.

‘ಇದಕ್ಕೆ ಮೆತ್ತನೆ ಮಣ್ಣು ಅಂತ ದರ ಹಾಕಿದವನು ಯಾರು?’

‘ನಾನೇ ಸಾರ್. ಮಳೆ ಬಂದ ಮಾರನೇ ದಿನ ನೋಡಿದೆ. ಒಂದು ಗೇಣು ಮಾತ್ರ ನೋಡಿದೆ. ಮೇಸ್ತ್ರಿ ಆಳಕ್ಕೆ ನೋಡು ಅಂದ. ನೋಡಲಿಲ್ಲ.’

‘ಯಾಕೆ?’

ಈ ಪ್ರಶ್ನೆಗೆ ಉತ್ತರ ಹೇಳುವುದು ಪಿಕಾಸಿ ಹಿಡಿಯುವುದಕ್ಕಿಂತ ಕಷ್ಟವಾಯಿತು. ‘ಅವನು ನನ್ನನ್ನ ಹೆಸರಿಡಿದು ಕರೆದ ಸಾರ್. ಅದಕ್ಕೆ.’

ಸಾಹೇಬರು ಕೈಯಲ್ಲಿದ್ದ ಗರಸಿನ ಉಂಡೆಯನ್ನು ಕೆಳಗೆ ಹಾಕಿದರು. ಶ್ರೀಧರ ಅವರಿಗೆ ಹೇಳಿದರು: ‘ಐದು ಕಡೆ ಪರೀಕ್ಷೆ ಗುಂಡಿ ತೋಡಿಸಿ. ಗರಸು ಸಿಕ್ಕ ಆಳದಿಂದ ಕೆಳಕ್ಕೆ ಗಟ್ಟಿ ಮಣ್ಣಿನ ದರ ಹಾಕಿ, ಹೊಸ ಅಳತೆಗೆ. ಅಂದಾಜು ಮೀರುತ್ತೆ, ನಾನು ಮೇಲಕ್ಕೆ ಬರೀತೀನಿ. ಖರ್ಚಿನ ಗೆರೆ ಯಾಕೆ ಮೇಲಿದೆ ಅಂತ ಈಗ ಹೇಳೋಕೆ ನನಗೆ ಕಾರಣ ಇದೆ. ಇದು ಏರಿ ಒಡೆದಮೇಲೆ ಗೊತ್ತಾಗಿದ್ದರೆ ಏನೂ ಇರ್ತಿರಲಿಲ್ಲ.’ ಆಮೇಲೆ ದ್ಯಾವಯ್ಯನ ಕಡೆ: ‘ಇನ್ನೊಂದು ಗುಡ್ಡೆಗೆ ಟೋಪಿ ಕಂಡರೆ ಈ ತಾಲ್ಲೂಕಿನಲ್ಲಿ ನಿನಗೆ ಕೆಲಸ ಇಲ್ಲ. ಮೂರು ವಾರದಲ್ಲಿ ಏರಿ ಮೇಲೆತ್ತಬೇಕು. ಆಗುತ್ತಾ?’

‘ಗಟ್ಟಿ ದರ ಕೊಟ್ರೆ ಎರಡೂವರೆ ವಾರಕ್ಕೆ ಎತ್ತೀನಿ ಸ್ವಾಮಿ’ ಎಂದ ದ್ಯಾವಯ್ಯ.

ಕೊನೆಗೆ ನನ್ನ ಸರದಿ. ‘ನೀನು ಕೆಲಸದಲ್ಲಿ ಇರ್ತೀಯ. ಪಟ್ಟಿಯಲ್ಲಿ ಇರೋದಿಲ್ಲ.’ ಜೇಬಿನಿಂದ ಪೆನ್ನು ತೆಗೆದು ಸಣ್ಣ ಡೈರಿಯಲ್ಲಿ ಏನೋ ಹೊಡೆದುಹಾಕಿದರು. ಜೀಪು ಹೊರಟಿತು.

ಅವತ್ತು ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದೆ. ಸುಲಿದ ಅಂಗೈಗೆ ಎಣ್ಣೆ ಹಚ್ಚುತ್ತಾ, ‘ಇದು ಇನ್ನು ಎಷ್ಟು ವರ್ಸ?’ ಎಂದಳು. ಕೈ ಬಗ್ಗೆ ಅಲ್ಲ, ದಿನಗೂಲಿ ಬಗ್ಗೆ. ಖಾಯಂ ಆದದ್ದು ಯಾವಾಗ ಎಂಬುದು ಈ ಕಥೆಗೆ ಬೇಡ. ಬಹಳ ತಡವಾಯಿತು ಎಂದರೆ ಸಾಕು.

ಮಾರನೆಯ ದಿನ ದ್ಯಾವಯ್ಯ ಶೆಡ್ಡಿಗೆ ಬಂದು ಗೋಡೆಯ ಮುಂದೆ ನಿಂತ. ಓದು ಬಾರದವನು, ಗೆರೆ ಮಾತ್ರ ಅವನಿಗೂ ಕಾಣುತ್ತದಲ್ಲ.

‘ಇಲ್ಲಿ ಬಿದ್ದೋಗಿರಾದು ನನ್ನ ಗುಡ್ಡೆಯಾ?’

‘ನಿನ್ನ ಗುಡ್ಡೆ ಅರ್ಧ. ನನ್ನ ಗೇಣು ಅರ್ಧ.’

ಅವನು ತಲೆ ಕೆರೆದುಕೊಂಡ. ‘ಪಟ್ಟಿ ವಿಸ್ಯ ನಂಗೆ ಗೊತ್ತಿರ್ನಿಲ್ಲ ಕಣ್ಲಾ ಪುಟ್ಸಾಮಿ.’

‘ಗೊತ್ತಿದ್ರೆ ಬಿಡ್ತಿದ್ಯಾ?’

ಸ್ವಲ್ಪ ಯೋಚನೆ ಮಾಡಿ, ‘ಇಲ್ಲ’ ಎಂದ. ಇಬ್ಬರಿಗೂ ನಗು ಬಂತು. ಆ ನಗುವಿನಲ್ಲಿ ಸಂತೋಷ ಇರಲಿಲ್ಲ, ಸುಳ್ಳೂ ಇರಲಿಲ್ಲ. ಅಲ್ಲಿಂದ ಅವನು ನನ್ನನ್ನು ಪುಟ್ಸಾಮಿ ಎಂದೇ ಕರೆದ. ನಾನು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

ಹೇಳಿದ ಮಾತಿನಂತೆ ಎರಡೂವರೆ ವಾರಕ್ಕೆ ಏರಿ ಮೇಲೆದ್ದಿತು. ನೀರು ಬಿಟ್ಟ ದಿನ ನಾನು ತಗ್ಗಿನ ಏರಿಯ ಮೇಲೆ ಬೆಳಿಗ್ಗೆಯಿಂದ ಕುಳಿತಿದ್ದೆ. ರುದ್ರಪ್ಪನವರು ಹೇಳಿದ್ದು ತಪ್ಪಾಯಿತು. ಮೊದಲನೇ ವರ್ಷವೇ ಪೂರ್ತಿ ನೀರು ಬಂತು. ಹಳೆಯ ಏರಿ ಎಲ್ಲಿಯವರೆಗೆ ಇತ್ತು ಎಂದು ಮಣ್ಣಿನ ಬಣ್ಣದಲ್ಲೇ ಗೊತ್ತಾಗುತ್ತಿತ್ತು. ನೀರು ಆ ಗುರುತು ಮುಟ್ಟಿತು, ದಾಟಿತು, ಅದರ ಮೇಲೆ ನಾಲ್ಕು ಬೆರಳು ಬಂದು ನಿಂತಿತು. ನಾನು ಹೊಸ ಮಣ್ಣಿನ ಮೇಲೆ ಕೈ ಇಟ್ಟುಕೊಂಡು ಸಂಜೆಯವರೆಗೂ ಅಲ್ಲೇ ಇದ್ದೆ. ಎಲ್ಲೂ ಪಸೆ ಒಸರಲಿಲ್ಲ.

ಈಗ ಸವಿತಳಿಗೆ ನನ್ನ ಮಾತು. ನಿನ್ನ ಯಂತ್ರ ಗೆರೆ ಎಳೆಯುವುದರಲ್ಲಿ ತಪ್ಪು ಮಾಡುವುದಿಲ್ಲ, ಶ್ರೀಧರ ಅವರೂ ಮಾಡಿರಲಿಲ್ಲ. ಮೂರು ಗೆರೆ ಆರು ವಾರ ಒಂದೇ ಸಮ ಹೋದರೆ ಹಿಗ್ಗಬೇಡ, ಗುಂಡಿಗೆ ಇಳಿ. ಅಂಕಿ ಕೊಟ್ಟವನ ಹೆಸರು ಗೊತ್ತಿರಲಿ, ಅವನ ಜೊತೆ ಕೂಲಿಯವನು ಹೇಗೆ ಮಾತಾಡುತ್ತಾನೆ ಎಂಬುದನ್ನೂ ಕೇಳಿಸಿಕೋ.

ಇನ್ನೊಂದು ಉಳಿಯಿತು. ಕೆಲಸ ಮುಗಿದ ಮೇಲೆ ಸಾಕ್ಷಿಗುಡ್ಡೆಗಳನ್ನೂ ಕಡಿದು ಆ ಮಣ್ಣನ್ನು ಏರಿಗೆ ಹಾಕುವುದು ಪದ್ಧತಿ. ತಂಡ ಹನ್ನೊಂದನ್ನು ಕಡಿದು, ನಾನು ಅರ್ಧ ಸೀಳಿದ್ದ ಒಂಬತ್ತನೆಯದನ್ನು ಮಾತ್ರ ಹಾಗೇ ಬಿಟ್ಟಿತ್ತು. ನೀರು ಬಂದ ಮಾರನೆಯ ಬೆಳಿಗ್ಗೆ ನಾನು ಪಿಕಾಸಿ ತಂದು ಅದನ್ನು ಕಡಿದೆ. ಕೆಂಪಮ್ಮ ಮಂಕರಿ ತಂದಿಟ್ಟಳು. ನಾನೇ ತುಂಬಿ, ನಾನೇ ಹೊತ್ತು ಏರಿಗೆ ಹಾಕಿದೆ. ಆಮೇಲೆ ಕೈ ತೊಳೆದುಕೊಂಡು ಅಳತೆ ಪುಸ್ತಕದಲ್ಲಿ ಆ ಮಣ್ಣನ್ನೂ ಬರೆದೆ. ಶನಿವಾರ ಶ್ರೀಧರ ಅವರು ಪೆನ್ಸಿಲ್ಲು ಕೊಟ್ಟರು. ನಡುವಿನ ಗೆರೆ ಕೂದಲೆಳೆಯಷ್ಟು ಮೇಲಕ್ಕೆ ಹೋಯಿತು.